ಹೋಡಿ, ಹೋಡಿ!

ನನಗೆ ಸ್ವಾಹಿಲಿ ಬರುತ್ತದೆ ಎಂಬ ಸುದ್ದಿ ಹಬ್ಬಿಸಿದವನು ನಾನೇ. ಬೇರೆ ಯಾರೂ ಹಬ್ಬಿಸುವ ಲಕ್ಷಣ ಕಾಣಲಿಲ್ಲ, ಅದಕ್ಕೆ.

ದಾರ್ ಎಸ್ ಸಲಾಮಿಗೆ ನಾವು ಬಂದು ಆಗಿನ್ನೂ ಎಂಟು ತಿಂಗಳು. ನನಗೆ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ, ನನ್ನವಳಿಗೆ ಒಂದು ಶಾಲೆಯಲ್ಲಿ ಗಣಿತದ ಪಾಠ. ಮಂಡ್ಯ ಸೀಮೆಯಿಂದ ಹೊರಟಾಗ ಸಿಂಹ, ಆನೆ, ಜಿರಾಫೆ ಅಂತ ಏನೇನೋ ಅಂದುಕೊಂಡಿದ್ದೆವು. ಕಂಡದ್ದು ಸೆಕೆ, ಟ್ರಾಫಿಕ್ಕು ಮತ್ತು ಆಟೋರಿಕ್ಷಾ. ಆಟೋಗೆ ಅಲ್ಲಿ ‘ಬಜಾಜಿ’ ಎಂದೇ ಹೆಸರು. ಟೀಗೆ ಚಾಯ್, ಚಪಾತಿಗೆ ಚಪಾತಿ, ಗಾಡಿಗೆ ಗಾರಿ, ವಿಮೆಗೆ ಬೀಮಾ, ಬಣ್ಣಕ್ಕೆ ರಂಗಿ, ಒಂದು ಲಕ್ಷಕ್ಕೆ ಲಾಕಿ. ಸಮುದ್ರದ ಈ ದಡದಿಂದ ಹಾಯಿ ಹಡಗು ಹತ್ತಿ ಹೋದ ಮಾತುಗಳೆಲ್ಲ ಅಲ್ಲಿ ಸಂಸಾರ ಹೂಡಿಕೊಂಡು ಕೂತಿದ್ದವು. ಇಷ್ಟು ಜನ ನೆಂಟರು ಮುಂಚೆಯೇ ಹೋಗಿ ಜಾಗ ಹಿಡಿದಿರುವ ಭಾಷೆಯನ್ನು ಕಲಿಯುವುದೇನು ಮಹಾ ಅಂದುಕೊಂಡೆ. ಆ ದೇಶದ ಮೊದಲ ಅಧ್ಯಕ್ಷರಾದ ನ್ಯೆರೆರೆ, ಜನ ‘ಮ್ವಾಲಿಮು’ ಅಂದರೆ ಮೇಷ್ಟ್ರು ಅಂತ ಕರೆಯುತ್ತಿದ್ದರಲ್ಲ, ಅವರು ದೇಶ ಆಳುವ ಗಲಾಟೆಯ ನಡುವೆ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಸ್ವಾಹಿಲಿಗೆ ಅನುವಾದ ಮಾಡಿದ್ದರಂತೆ. ಅವರು ಅಷ್ಟು ಮಾಡಿರುವಾಗ ನಾನು ಒಂದು ಊಟದ ಕರೆಯನ್ನು ಸ್ವಾಹಿಲಿಯಲ್ಲಿ ಕೊಡಲಾರೆನೇ? ಇದೇ ಮುಂದಿನ ಅನಾಹುತಕ್ಕೆಲ್ಲ ಮೂಲ.

ಅದಕ್ಕೂ ಮುಂಚೆ ಆ ಭಾಷೆ ನಮ್ಮ ಮನೆಯೊಳಗೆ ನಡೆಸಿದ ಕಿತಾಪತಿಯನ್ನು ಸ್ವಲ್ಪ ಹೇಳಬೇಕು. ಮೊದಲ ವಾರವೇ ತರಕಾರಿಯವನು ನನ್ನ ಹೆಂಡತಿಯನ್ನು “ದಾದಾ” ಎಂದು ಕರೆದ. ಹನ್ನೊಂದು ವರ್ಷದ ದಾಂಪತ್ಯದಲ್ಲಿ ನನಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಈ ಮನುಷ್ಯ ಟೊಮ್ಯಾಟೊ ತೂಗುತ್ತಲೇ ಹೇಳಿಬಿಟ್ಟನಲ್ಲ ಅಂತ ಅವನ ಮೇಲೆ ಅಪಾರ ಗೌರವ ಹುಟ್ಟಿತು. ದಾದಾ ಎಂದರೆ ಅಕ್ಕ ಎಂದು ಗೊತ್ತಾದ ಮೇಲೆ ಆ ಗೌರವ ಅರ್ಧಕ್ಕೆ ಇಳಿಯಿತು. ನಮ್ಮ ವಿಭಾಗದ ಹಿರಿಯಾಕೆಯನ್ನು ಎಲ್ಲರೂ “ಮಾಮಾ” ಎನ್ನುತ್ತಿದ್ದರು. ಐವತ್ತೆಂಟು ವರ್ಷದ ಘನವಾದ ಹೆಂಗಸನ್ನು ಮಾಮಾ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಹಾಗಾಗಿ ಈ ಬರಹದಲ್ಲಿ ಅವರು ಹಿರಿಯಮ್ಮ.

ಇನ್ನು ಗೇಟಿನ ಕಾವಲಿನವನು, ಅಲ್ಲಿನ ಮಾತಿನಲ್ಲಿ ‘ಅಸ್ಕಾರಿ’. ನಾನು ದಿನಾ ಸಂಜೆ ಬ್ಯಾಗು ಹಿಡಿದು ಬೆವರುತ್ತ ಬಂದರೆ ಎದ್ದು ನಿಂತು “ಪೋಲೆ” ಎನ್ನುತ್ತಿದ್ದ. ಕಿಟಕಿಯಿಂದ ಇದನ್ನು ನಾಲ್ಕು ದಿನ ಕೇಳಿಸಿಕೊಂಡ ನನ್ನವಳು ಐದನೆಯ ದಿನ ಕೇಳಿದಳು: “ಅಲ್ಲಾರೀ, ಆ ಯಪ್ಪ ದಿನಾ ನಿಮ್ಮನ್ನ ಪೋಲಿ ಅಂತಾನಲ್ಲ, ಅದೇನ್ ಕಂಡವ್ನಂತೆ ನಿಮ್ಮಲ್ಲಿ?” ಎಡವಿ ಬಿದ್ದವನಿಗೂ, ಜ್ವರ ಬಂದವನಿಗೂ, ದೂರದಿಂದ ಬಂದವನಿಗೂ, ಸುಮ್ಮನೆ ದುಡಿದು ದಣಿದವನಿಗೂ ಅಲ್ಲಿ ಅದೇ ಮಾತು. ‘ಪೋಲೆ ನ ಕಾಜಿ’ ಎಂದರೆ, ಕೆಲಸ ಮಾಡಬೇಕಾಗಿ ಬಂತಲ್ಲ ನಿನಗೆ, ಪಾಪ ಎಂಬ ಅರ್ಥ. ನಾನು ಇಂಡಿಯಾದಲ್ಲಿ ಹದಿನೆಂಟು ವರ್ಷ ದುಡಿದೆ. ಯಾವ ಗೇಟಿನಲ್ಲೂ ಯಾರೂ ನನಗೆ ಪಾಪ ಅಂದಿರಲಿಲ್ಲ.

ಇವೆಲ್ಲ ಸಣ್ಣಪುಟ್ಟವು. ನಿಜವಾದ ತೊಡಕು ಗಡಿಯಾರದ್ದು.

ಭೂಮಧ್ಯರೇಖೆಗೆ ಏಳು ಡಿಗ್ರಿಯಷ್ಟೂ ದೂರವಿಲ್ಲದ ಊರು ಅದು. ವರ್ಷಪೂರ್ತಿ ಸೂರ್ಯ ಬೆಳಿಗ್ಗೆ ಆರು, ಆರೂವರೆ ಹೊತ್ತಿಗೆ ಸಮುದ್ರದಿಂದ ಎದ್ದು ಬರುತ್ತಾನೆ, ಸಂಜೆಯೂ ಅಷ್ಟೇ ನಿಯತ್ತಾಗಿ ಮುಳುಗುತ್ತಾನೆ. ಹಾಗಾಗಿ ಸ್ವಾಹಿಲಿಯವರು ಹೊತ್ತು ಹುಟ್ಟಿದಲ್ಲಿಂದ ಗಂಟೆ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಅವರಿಗೆ ‘ಸಾ ಮೋಜಾ’, ಒಂದು ಗಂಟೆ. ನಮ್ಮ ನಡುಮಧ್ಯಾಹ್ನ ‘ಸಾ ಸಿತಾ’, ಆರು ಗಂಟೆ. ಕೈಗಡಿಯಾರ ಮಾತ್ರ ಎಲ್ಲರದ್ದೂ ನಮ್ಮ ಹಾಗೇ ನಡೆಯುತ್ತದೆ, ಓದುವುದು ಬೇರೆ. ನನ್ನವಳು ಗಣಿತದವಳಾದ್ದರಿಂದ ಶಾಲೆಗೆ ಸೇರಿದ ಎರಡೇ ದಿನಕ್ಕೆ ಸೂತ್ರ ಕಂಡುಹಿಡಿದಿದ್ದಳು: ಚಿಕ್ಕ ಮುಳ್ಳು ತೋರಿಸುವ ಅಂಕಿಯನ್ನು ಬಿಟ್ಟು, ಅದರ ಎದುರಿಗೆ ನೆಟ್ಟಗೆ ಇರುವ ಅಂಕಿಯನ್ನು ಓದಿದರಾಯಿತು. “ನಮ್ಮ ಪಂಚಾಂಗಾನೂ ಹಿಂಗೇ ತಾನೆ? ಹೊತ್ತು ಹುಟ್ಟಿ ಇಷ್ಟು ಗಳಿಗೆ ಅಂತ. ನಿಮ್ಮಜ್ಜಿ ಇಲ್ಲಿಗೆ ಬಂದಿದ್ರೆ ಒಂದೇ ದಿನಕ್ಕೆ ಹೊಂದ್ಕೊಂಬಿಡೋರು” ಎಂದಳು. ವಾರದ ಹೆಸರುಗಳನ್ನು ಕಂಡರಂತೂ ಅವಳಿಗೆ ಭಾರಿ ಖುಷಿ. ಅವರ ವಾರ ಶನಿವಾರ ಶುರು. ಶನಿವಾರ ಜುಮಾಮೋಸಿ, ಒಂದನೆಯದು. ಭಾನುವಾರ ಜುಮಾಪಿಲಿ, ಎರಡನೆಯದು. ಹೀಗೆ ಹೋಗಿ ಬುಧವಾರ ಜುಮಾಟಾನೋ, ಐದನೆಯದು. ಆಮೇಲೆ ಗುರುವಾರಕ್ಕೆ ಅರಬ್ಬಿಯಿಂದ ತಂದ ಹೆಸರು, ಅಲ್ಹಮಿಸಿ. ಅದರ ಅರ್ಥವೂ ಐದನೆಯದು! ಎರಡು ಐದು ಇರುವ ವಾರವನ್ನು ಮಕ್ಕಳಿಗೆ ಯಾವ ಮುಖ ಇಟ್ಟುಕೊಂಡು ಹೇಳುತ್ತಾರೋ ಅಂತ ಅವಳು ಒಂದು ರಾತ್ರಿಯೆಲ್ಲ ನಕ್ಕಳು.

ನಾನು ಈ ಗಂಟೆಯ ಗುಟ್ಟನ್ನು ಊರಿನಲ್ಲಿರುವ ಅವ್ವನಿಗೆ ಫೋನಿನಲ್ಲಿ ಇಪ್ಪತ್ತು ನಿಮಿಷ ವಿವರಿಸಿದ್ದೆ. ಇಂಡಿಯಾ ನಮಗಿಂತ ಎರಡೂವರೆ ಗಂಟೆ ಮುಂದೆ, ಇಲ್ಲಿಯವರು ಆರು ಗಂಟೆ ಅತ್ತಿತ್ತ ಅಂತೆಲ್ಲ. ಕೊನೆಗೆ ಅವ್ವ, “ಅದೆಲ್ಲಾ ಇರ್ಲಿ ಕಣ್ ಮಗ, ಉಂಡ್ರೋ ಇಲ್ವೋ ಅದ್ನೇಳು” ಎಂದಿದ್ದಳು. ಅಂದರೆ ಓದುಗರು ಗಮನಿಸಬೇಕು: ನನಗೆ ವಿಷಯ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು.

2019ರ ಏಪ್ರಿಲ್ 6, ಶನಿವಾರ ಯುಗಾದಿ. ಮಾರನೆಯ ಭಾನುವಾರ ಹೊಸತೊಡಕು. ಯುಗಾದಿಯ ಮಾರನೆ ದಿನ ಮಾಂಸದಡುಗೆ ಮಾಡದ ಮನೆ ನಮ್ಮ ಕಡೆ ಇದ್ದರೆ ಆ ಮನೆಯಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂದೇ ಲೆಕ್ಕ. ಆಫೀಸಿನವರನ್ನು ಕರೆಯೋಣ ಎಂದೆ. ಶುಕ್ರವಾರ ಟೀ ಹೊತ್ತಿನಲ್ಲಿ ಎದ್ದು ನಿಂತು, ಕೆಮ್ಮಿ, ನಾಲ್ಕು ಜನರ ಮುಂದೆ ಸ್ವಾಹಿಲಿಯಲ್ಲಿ ಘೋಷಿಸಿದೆ: ಜುಮಾಪಿಲಿ, ನಮ್ಮ ಮನೆ, ಊಟ, ಸಾ ಸಬಾ. ಸಬಾ ಎಂದರೆ ಏಳು. ಚಪ್ಪಾಳೆ ಬಿತ್ತು. “ನಿನಗೆ ಸ್ವಾಹಿಲಿ ಬರುತ್ತದೆ!” ಅಂದರು. ಹಿರಿಯಮ್ಮ ಮಾತ್ರ ಕನ್ನಡಕದ ಮೇಲಿಂದ ನೋಡಿ, “ಸಾ ಸಬಾ ಮ್ಚಾನಾ?” ಎಂದರು. ಮ್ಚಾನಾ ಎಂದರೇನೋ ನನಗೆ ತಿಳಿಯದು. ಊಟದ ವಿಷಯವಾದ್ದರಿಂದ ಯಾವುದೋ ಪಲ್ಯ ಇರಬೇಕು ಅಂದುಕೊಂಡೆ. ಚಪ್ಪಾಳೆ ಬಿದ್ದ ಮೇಲೆ ‘ಅರ್ಥವಾಗಲಿಲ್ಲ’ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. “ನ್ದಿಯೋ, ನ್ದಿಯೋ” ಎಂದು ಎರಡು ಸಲ ಹೌದೌದೆಂದೆ. ಮ್ಚಾನಾ ಎಂದರೆ ಹಗಲು.

ಇವರ ಜೊತೆಗೆ ಉಪಾಂಗ ಎಂಬ ಬಡಾವಣೆಯಲ್ಲಿದ್ದ ಒಬ್ಬ ಕನ್ನಡದವರನ್ನೂ ಕರೆದೆ. ಅವರನ್ನು ನಾವಿಬ್ಬರೂ ಮನೆಯಲ್ಲಿ ‘ಇಪ್ಪತ್ತೆರಡು’ ಎನ್ನುತ್ತಿದ್ದೆವು. ಯಾವ ಮಾತೇ ಇರಲಿ, “ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದೀನಿ” ಅಂತಲೇ ಶುರು ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷಕ್ಕೆ ಅವರು ಕಲಿತಿದ್ದ ಸ್ವಾಹಿಲಿ ಐದು ಮಾತು: ಲೇಟೆ, ವೇಕಾ, ಒಂಡೋವಾ, ಹರಾಕಾ, ಕೇಶೋ. ತಾ, ಇಡು, ತೆಗಿ, ಬೇಗ, ನಾಳೆ. ನಾಳೆ ಎಂಬುದು ಸಂಬಳ ಕೊಡುವ ಸಂದರ್ಭದ್ದು. “ಈ ಜನಕ್ಕೆ ಟೈಮ್ ಅನ್ನೋದೇ ಗೊತ್ತಿಲ್ಲ ಮಾರಾಯ್ರೆ. ಊಟಕ್ಕೆ ಕರೆದ್ರಾ? ಬಂದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ” ಎಂದರು. ತಮ್ಮ ಮನೆಯ ಕೆಲಸದವರ ವಿಷಯ ಮಾತಾಡುವಾಗ ಅವರ ಬಾಯಿಂದ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವರನ್ನು ಯಾಕೆ ಕರೆದೆ ಎಂದರೆ, ಅಲ್ಲಿ ಕನ್ನಡದಲ್ಲಿ ಜಗಳ ಆಡಲು ಸಿಗುವವರೇ ಕಡಿಮೆ. ಅವರಿಗೆ ಕನ್ನಡದಲ್ಲೇ ಹೇಳಿದ್ದೆ: ಏಳು ಗಂಟೆ.

“ಟೈಮು ಸರಿಯಾಗ್ ಹೇಳಿದ್ರಾ?” ಎಂದು ನನ್ನವಳು ಕೇಳಿದ್ದಳು.

“ಸ್ವಾಹಿಲಿಯಲ್ಲೇ ಹೇಳಿದೆ.”

ಆ ಉತ್ತರ ಕೇಳಿಯೂ ಅವಳು ಸುಮ್ಮನಾದದ್ದು ಅವಳ ತಪ್ಪು. ಇದನ್ನು ನಾನು ಇವತ್ತಿಗೂ ವಾದಿಸುತ್ತೇನೆ.

ಯುಗಾದಿಯ ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಆಕಾಶದಲ್ಲಿ ಮಸೀಕಾ ಮಳೆಗಾಲ, ನಲ್ಲಿಯಲ್ಲಿ ಕಡುಬೇಸಿಗೆ. ಹಾಗಾಗಿ ಎಣ್ಣೆಸ್ನಾನ ಭಾನುವಾರಕ್ಕೆ ಮುಂದಕ್ಕೆ ಹೋಯಿತು. ಭಾನುವಾರ ನೀರು ಬಂತು, ಕರೆಂಟು ಹೋಯಿತು. ಅಲ್ಲಿ ಕರೆಂಟು ಮೊದಲೇ ದುಡ್ಡು ಕಟ್ಟಿ ಕೊಳ್ಳುವ ‘ಲೂಕು’. ಚೀಟಿಯ ಮೇಲೆ ಇಪ್ಪತ್ತು ಅಂಕಿಗಳ ಸಂಖ್ಯೆ ಕೊಡುತ್ತಾರೆ, ಅದನ್ನು ಒಂದೊಂದಾಗಿ ಮೀಟರಿಗೆ ಒತ್ತಬೇಕು. ಚೀಟಿ ತರಲು ಅಸ್ಕಾರಿಯನ್ನು ಅಂಗಡಿಗೆ ಕಳಿಸಿದೆ. ಗೇಟಿನಲ್ಲಿ ಯಾರೂ ಇಲ್ಲ, ಕರೆಂಟಿಲ್ಲದೆ ಕಾಲಿಂಗ್ ಬೆಲ್ಲೂ ಇಲ್ಲ. ಇದ್ದದ್ದು ಹಿಂದಿನ ಬಾಡಿಗೆದಾರರು ಬಿಟ್ಟು ಹೋದ ‘ಮ್ಬ್ವಾ ಮ್ಕಾಲಿ’ ಬೋರ್ಡು, ನಾಯಿ ಇದೆ ಎಚ್ಚರಿಕೆ. ನಾಯಿ ಇರಲಿಲ್ಲ.

ಮಧ್ಯಾಹ್ನ ಒಂದೂಕಾಲು. ಸಂಜೆ ಏಳಕ್ಕೆ ತಾನೆ ಅವರು ಬರುವುದು, ಕೋಳಿ ನಾಲ್ಕು ಗಂಟೆಗೆ ತಂದರಾಯಿತು ಅಂತ ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಪಟ್ಟಾಪಟ್ಟಿ ಚಡ್ಡಿಯಲ್ಲಿ ಕೂತಿದ್ದೆ. ಮೈಗೆಲ್ಲ ಊರಿಂದ ತಂದ ಹರಳೆಣ್ಣೆ. ಎಷ್ಟು ಎಣ್ಣೆ ಎಂದರೆ, ಆ ಕಲ್ಲಿನ ಮೇಲೆ ನಾನು ಕೂತಿದ್ದೆ ಎನ್ನುವುದಕ್ಕಿಂತ ಜಾರದ ಹಾಗೆ ನೋಡಿಕೊಳ್ಳುತ್ತಿದ್ದೆ ಎನ್ನುವುದು ಸರಿ. ನನ್ನವಳು ಹಳೆಯ ನೈಟಿಯಲ್ಲಿ, ತಲೆಗೆ ಎಣ್ಣೆ ಮೆತ್ತಿ ಸೀಗೆಪುಡಿ ಕಲಸಿಟ್ಟುಕೊಂಡು, ನನ್ನ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ನೆತ್ತಿಗೆ ಎಣ್ಣೆ ತಟ್ಟುವುದು ನಮ್ಮ ಕಡೆ ಆರೋಗ್ಯಕ್ಕೆ. ಆದರೆ ಹನ್ನೊಂದು ವರ್ಷ ಒಟ್ಟಿಗಿದ್ದ ಹೆಂಡತಿ ತಟ್ಟುವಾಗ ಆರೋಗ್ಯ ಯಾವುದು, ಹಳೆಯ ಬಾಕಿ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ.

ಆಗ ಗೇಟಿನ ಆಚೆಯಿಂದ ಒಂದು ಗಂಭೀರ ದನಿ:

“ಹೋಡಿ!”

ಅವಳು ಒಂದು ಕ್ಷಣ ಕೈ ನಿಲ್ಲಿಸಿದಳು. “ರೀ, ಯಾರೋ ಹೊಡಿ ಅಂತಾವ್ರೆ.”

“ಯಾರಿಗಂತೆ?”

“ನಿಮಗೇ ಇರ್ಬೇಕು. ಇಲ್ಲಿ ಇನ್ಯಾರವ್ರೆ?” ಮತ್ತೆ ತಟ್ಟಿದಳು.

“ಹೋಡಿ, ಹೋಡಿ!” ಈ ಸಲ ಎರಡು ದನಿ. ಒಂದು ಗಂಡಸಿನದು.

“ಜನ ಸೇರ್ತಾವ್ರೆ ಕಣ್ರೀ” ಎಂದಳು. ದನಿಯಲ್ಲಿ ಭಯಕ್ಕಿಂತ ಉತ್ಸಾಹ ಹೆಚ್ಚಿತ್ತು. ನಾನು ಎಣ್ಣೆ ಇಳಿದು ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಮುಚ್ಚಿ, ಬರಿಮೈಯಲ್ಲಿ, ಪರದೇಶದಲ್ಲಿ ಕೂತವನಿಗೆ ಗೋಡೆಯಾಚೆ ಜನ ಸೇರಿ ಹೊಡಿ ಹೊಡಿ ಎಂದು ಕೂಗಿದರೆ ಏನಾಗಬೇಕು ಹೇಳಿ. ಅದೂ ಕನ್ನಡದಲ್ಲಿ! ನನ್ನ ಮೇಲೆ ಇಷ್ಟು ಸಿಟ್ಟಿರುವ ಕನ್ನಡಿಗರು ದಾರ್ ಎಸ್ ಸಲಾಮಿನಲ್ಲಿ ಯಾರು ಅಂತ ಲೆಕ್ಕ ಹಾಕಿದೆ. ಇಪ್ಪತ್ತೆರಡು ಒಬ್ಬರೇ ಸಿಕ್ಕಿದ್ದು. ಅವರು ಇಷ್ಟು ಜನ ಸೇರಿಸುವಷ್ಟು ಮಿಲನಸಾರರಲ್ಲ.

“ಹೋಡೀ! ಹೋಡೀ! ಹೋಡೀ!” ಈಗ ಪೂರ್ತಿ ಮೇಳ, ಹಿಮ್ಮೇಳದಲ್ಲಿ ಒಂದು ಕೋಳಿಯ ಕೂಗು. ನನ್ನವಳ ಕೈ ಅವಳಿಗೇ ತಿಳಿಯದೆ ಆ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಹೋಡಿ, ಪಟ್. ಹೋಡಿ, ಪಟ್. “ಅಯ್ಯೋ ಸಾಕು ಬಿಡೇ!” ಎಂದು ನಾನು ಅರಚಿದೆ. ಆ ಅರಚು ಗೇಟಿನವರೆಗೂ ಕೇಳಿಸಿತು. ನಾಯಿ ಇದೆ ಎಂಬ ಬೋರ್ಡಿನ ಮುಂದೆ ನಿಂತವರಿಗೆ ಒಳಗಿನಿಂದ ಮನುಷ್ಯನ ಆರ್ತನಾದ ಕೇಳಿದರೆ ಅವರು ತಾನೆ ಏನು ಮಾಡಿಯಾರು? ಚಿಲಕ ತೆಗೆದು, ಹಿತ್ತಲಿಗೆ ಓಡಿ ಬಂದರು. ‘ಹೋಡಿ’ ಎಂದರೆ ಒಳಗೆ ಬರಬಹುದಾ ಎಂದು ಬಾಗಿಲಲ್ಲಿ ಕೇಳುವ ಮರ್ಯಾದೆಯ ಮಾತು ಎಂದು ನನ್ನವಳಿಗೆ ಆಗ ಹೊಳೆಯಿತು. ನನಗೆ ಅದಕ್ಕೂ ಮೊದಲು ಹೊಳೆದದ್ದು ಮ್ಚಾನಾ.

ಕರೆದದ್ದು ನಾಲ್ವರನ್ನು, ಬಂದವರು ಏಳು ಮಂದಿ. ಚರ್ಚಿನಿಂದ ನೇರವಾಗಿ ಬಂದಿದ್ದರು. ಹೆಂಗಸರು ನವಿಲಿನಂಥ ಕಿಟೆಂಗೆ ಉಡುಪಿನಲ್ಲಿ, ಗಂಡಸರು ಇಸ್ತ್ರಿ ಗೆರೆ ಕೈ ಕೊಯ್ಯುವಂಥ ಪ್ಯಾಂಟಿನಲ್ಲಿ. ಎದುರಿಗೆ ನಾನು, ಈಗಷ್ಟೇ ಬಾಣಲೆಯಿಂದ ತೆಗೆದ ಹಾಗೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಮುಂದೆ ಬಂದು, ತಲೆ ಬಗ್ಗಿಸಿ, “ಶಿಕಮೋ” ಎಂದ. ಕಿರಿಯರು ಹಿರಿಯರಿಗೆ ಹೇಳುವ ಮಾತು ಅದು. ನಿಮ್ಮ ಕಾಲು ಹಿಡಿಯುತ್ತೇನೆ ಎಂಬುದು ಅದರ ಮೂಲ. ಆ ಹೊತ್ತಿನಲ್ಲಿ ನನ್ನ ಕಾಲು ಹಿಡಿಯಲು ಯಾರಿಂದಲೂ ಆಗುತ್ತಿರಲಿಲ್ಲ, ಜಾರುತ್ತಿತ್ತು. ಆದರೂ ಪದ್ಧತಿ ಪದ್ಧತಿಯೇ. ಒಂದು ಕೈಯಲ್ಲಿ ಟವೆಲು ಹಿಡಿದು, ಇನ್ನೊಂದು ಕೈಯನ್ನು ಮಠಾಧೀಶರ ಹಾಗೆ ಎತ್ತಿ, “ಮರಹಬಾ” ಎಂದೆ. ಹಿರಿಯಮ್ಮ ಮೂಗರಳಿಸಿ, ಹತ್ತಿರ ಬಂದು, ನನ್ನ ಭುಜದ ಎಣ್ಣೆಯನ್ನು ಬೆರಳಲ್ಲಿ ಸವರಿ ನೋಡಿ, “ನ್ಯೋನ್ಯೋ!” ಎಂದರು. ಹರಳೆಣ್ಣೆಗೆ ಅಲ್ಲಿಯ ಹೆಸರು. ಅವರ ಅಜ್ಜಿಯೂ ಹಚ್ಚುತ್ತಿದ್ದರಂತೆ. ಆಮೇಲೆ ನನ್ನ ನೆತ್ತಿ ನೋಡಿ, ನನ್ನವಳ ಕೈ ನೋಡಿ, ನಿಧಾನವಾಗಿ ಹೇಳಿದರು: “ಪೋಲೆ.”

ಸ್ನಾನ, ಬಟ್ಟೆ, ಕ್ಷಮಾಪಣೆ ಇವೆಲ್ಲ ಹೇಗೋ ಮುಗಿದವು. ಹೊರಗೆ ಬಂದಾಗ ಅಡುಗೆಮನೆ ನಮ್ಮ ಕೈಬಿಟ್ಟು ಹೋಗಿತ್ತು. ಮನೆಯಲ್ಲಿ ಇದ್ದದ್ದು ನಿನ್ನೆಯ ನಾಲ್ಕು ತೊಗರಿಬೇಳೆ ಒಬ್ಬಟ್ಟು. ಆದರೆ ಅವರು ಬರಿಗೈಲಿ ಬಂದಿರಲಿಲ್ಲ. ಕಾಲು ಕಟ್ಟಿದ ಒಂದು ಜೀವಂತ ಹುಂಜ ತಂದಿದ್ದರು, ‘ಕುಕು ವಾ ಕಿಯೆನ್ಯೇಜಿ’. ಅನುವಾದ ಬೇಡ: ನಾಟಿ ಕೋಳಿ. ಹೊಸತೊಡಕಿಗೆ ನಾಟಿ ಕೋಳಿ ತಾನಾಗಿ ನಡೆದು ಬಂದಿತ್ತು. ಬಂದದ್ದು ಹಗ್ಗ ಬಿಚ್ಚಿಕೊಂಡು ಓಡಿತು ಕೂಡ. ಚೀಟಿ ತಂದ ಅಸ್ಕಾರಿ ಅದನ್ನು ಮಾವಿನ ಮರದಡಿ ಹಿಡಿದ.

ನನ್ನವಳು ಮುದ್ದೆ ಕೋಲು ತೆಗೆದಳು. ಹಿರಿಯಮ್ಮ ನಮ್ಮ ಡ್ರಾಯರಿನಿಂದ ‘ಮ್ವಿಕೋ’ ತೆಗೆದರು, ಉಗಾಲಿ ತಿರುವುವ ಮರದ ಸಟ್ಟುಗ. ಆ ಮಾತಿಗೆ ನಿಷಿದ್ಧ ಎಂಬ ಇನ್ನೊಂದು ಅರ್ಥವೂ ಇದೆಯಂತೆ. ನಾನು ಒಳಗೆ ಕಾಲಿಟ್ಟಾಗ ಅವರು ಅದನ್ನು ಎತ್ತಿ ತೋರಿಸಿದ ರೀತಿಯಲ್ಲಿ ಎರಡೂ ಅರ್ಥ ಇದ್ದವು. ಒಂದು ಒಲೆಯಲ್ಲಿ ಬಿಳಿ ಮುಸುಕಿನ ಜೋಳದ ಉಗಾಲಿ, ಇನ್ನೊಂದರಲ್ಲಿ ರಾಗಿ ಮುದ್ದೆ. ರಾಗಿಗೆ ಅಲ್ಲಿ ‘ಉಲೇಜಿ’. ಕೂಸುಗಳಿಗೆ, ಬಾಣಂತಿಯರಿಗೆ ಗಂಜಿ ಮಾಡಿ ಕೊಡುವ ಕಾಳು. ಅದನ್ನು ಉಂಡೆ ಕಟ್ಟಿ ಮೀಸೆ ಇರುವ ಮನುಷ್ಯ ತಿನ್ನುತ್ತಾನೆ ಎಂದು ತಿಳಿದಾಗ ಅವರು ತಡೆದಿಟ್ಟಿದ್ದ ನಗೆಯೆಲ್ಲ ಹೊರಗೆ ಬಂತು. ನನಗೆ ರೋಷ ಉಕ್ಕಿತು. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ, ನಿಮ್ಮದನ್ನೇ ನೀವು ಮರೆತಿರಿ, ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ನಿಮ್ಮ ರಾಗಿಗೂ ನಮ್ಮ ರಾಗಿಗೂ ಮದುವೆ ಮಾಡಿಸಿ ತೆಗೆದ ತಳಿಯೇ ‘ಇಂಡಾಫ್’, ಇಂಡಿಯಾದ ಇಂಡು, ಆಫ್ರಿಕಾದ ಆಫು, ನಾನು ಬೆಳೆದದ್ದೇ ಆ ರಾಗಿ ತಿಂದು ಎಂದು ಸ್ವಾಹಿಲಿ, ಇಂಗ್ಲಿಷು, ಕೈಸನ್ನೆ ಬೆರೆಸಿ ಭಾಷಣ ಮಾಡಿದೆ. ಹುಡುಗ ಬಿಟ್ಟ ಬಾಯಿ ಬಿಟ್ಟ ಹಾಗೇ ನೋಡುತ್ತಿದ್ದ. ಭಾಷಣಕ್ಕಲ್ಲ, ನಾನು ಮುದ್ದೆಯನ್ನು ಜಗಿಯದೆ ನುಂಗುವುದನ್ನು ನೋಡಿ. ನನ್ನ ಗಂಟಲಿಗೆ ಏನೋ ಆಗಿದೆ ಎಂದು ನೀರು ತಂದುಕೊಟ್ಟ.

ಅಷ್ಟರಲ್ಲಿ ಅವ್ವನ ಫೋನು. “ಅದ್ಯಾರ್ಲಾ ಅಷ್ಟ್ ಜನ?” “ನೆಂಟ್ರು ಕಣವ್ವ.” ಹಿರಿಯಮ್ಮ ಫೋನು ಕಿತ್ತುಕೊಂಡರು. ಅವರು ಸ್ವಾಹಿಲಿಯಲ್ಲಿ, ಅವ್ವ ಕನ್ನಡದಲ್ಲಿ, ಪೂರ್ತಿ ನಾಲ್ಕು ನಿಮಿಷ. ಏನು ತಿಳಿಯಿತೋ, “ಒಳ್ಳೆ ಹೆಂಗ್ಸು, ಉಣ್ಣಕ್ಕಿಕ್ಕು” ಎಂದು ಅವ್ವ ಫೋನಿಟ್ಟಳು.

ಬಡಿಸುವಾಗ ಹಿರಿಯಮ್ಮ ಒಂದು ತಟ್ಟೆ ಹೆಚ್ಚಿಗೆ ಇಟ್ಟರು. “ನಿಮ್ಮ ಗೇಟಿನವರನ್ನು ಕರಿ. ಹೆಸರೇನು ಅವರದು?”

ನಾನು ಬಾಯಿ ತೆರೆದೆ. ಎಂಟು ತಿಂಗಳು ದಿನಾ ಸಂಜೆ ನನಗೆ ಪಾಪ ಎಂದವನ ಹೆಸರು ನನಗೆ ಗೊತ್ತಿರಲಿಲ್ಲ. ಅಸ್ಕಾರಿ ಅನ್ನುತ್ತಿದ್ದೆ. ಅವನಿಗೆ ನಾನು ಹೇಳುತ್ತಿದ್ದ ಮಾತು ಯಾವುವು ಎಂದು ನೆನಪು ಮಾಡಿಕೊಂಡೆ. ಫುಂಗುವಾ, ಫುಂಗಾ, ಲೇಟೆ. ತೆಗಿ, ಮುಚ್ಚು, ತಾ. ಇಪ್ಪತ್ತೆರಡು ಅವರದು ಐದು, ನನ್ನದು ಮೂರು. ನನ್ನವಳು ನನ್ನ ಮುಖ ನೋಡಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಹಿರಿಯಮ್ಮ ಏನೂ ಅನ್ನದೆ ತಾವೇ ಎದ್ದು ಗೇಟಿಗೆ ಹೋದರು. ಆತ ಬಂದು ಕೂತು ಉಂಡರು. ಕೂತಾಗ ನೋಡಿದೆ, ತಲೆ ಮುಕ್ಕಾಲು ನರೆತಿತ್ತು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ನಿಂತು “ಶಿಕಮೋ” ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ “ಮರಹಬಾ” ಎಂದರು. ಹೆಸರು ಕೇಳಿದೆ, ಹೇಳಿದರು. ನನ್ನ ಹೆಸರು ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತಂತೆ.

ಆ ಭಾನುವಾರ ಸಂಜೆ ಐದೂವರೆಗೆ ಎಲ್ಲರೂ ಹೊರಟರು. ಒಬ್ಬಟ್ಟು ನಾಲ್ಕನ್ನು ಏಳು ಭಾಗ ಮಾಡಿದ್ದು ಗಣಿತದವಳು. ಹುಂಜದ ಒಂದು ಮೂಳೆಯೂ ಉಳಿದಿರಲಿಲ್ಲ. ಪಾತ್ರೆ ತೊಳೆದು, ಲೂಕುವಿನ ಇಪ್ಪತ್ತು ಅಂಕಿಯನ್ನು ಎರಡು ಸಲ ತಪ್ಪಾಗಿ ಒತ್ತಿ, ಮೂರನೆಯ ಸಲಕ್ಕೆ ದೀಪ ಬಂದಾಗ ಇಬ್ಬರೂ ಸೋಫಾದಲ್ಲಿ ಬಿದ್ದುಕೊಂಡೆವು. ಕಣ್ಣು ಹತ್ತಿತು.

ಕಾಲಿಂಗ್ ಬೆಲ್ಲಿಗೆ ಎಚ್ಚರವಾಯಿತು. ಎಂಟೂಕಾಲು. ಬಾಗಿಲಲ್ಲಿ ಇಪ್ಪತ್ತೆರಡು ಮತ್ತು ಅವರ ಮನೆಯವರು, ಕೈಯಲ್ಲಿ ಒಂದು ಡಬ್ಬ ಜಾಮೂನು. ಖಾಲಿ ಹಾಲು, ಖಾಲಿ ಮೇಜು, ಖಾಲಿ ಕುರ್ಚಿಗಳನ್ನು ಅವರು ಒಂದು ಸುತ್ತು ನೋಡಿದರು. ಮುಖದಲ್ಲಿ ಅಗಾಧ ತೃಪ್ತಿ ಮೂಡಿತು.

“ನೋಡಿದ್ರಾ? ಒಬ್ಬನಾದ್ರೂ ಬಂದ್ನಾ? ಏಳು ಗಂಟೆ ಅಂದ್ರೆ ಇವ್ರಿಗೆ ಏಳು ಗಂಟೆ ಅಲ್ಲ ಮಾರಾಯ್ರೆ. ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀನಿ.”

ನನ್ನವಳು ಒಳಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದಳು. ನಾನು ಅವರ ಕೈಯಿಂದ ಜಾಮೂನಿನ ಡಬ್ಬ ತೆಗೆದುಕೊಂಡು, ಮುಖಕ್ಕೆ ಮುಖ ಕೊಟ್ಟು, ಮನಸ್ಸಾರೆ ಹೇಳಿದೆ:

“ಪೋಲೆ.”

“ಯಾರು, ನಾನಾ?” ಎಂದರು ಅವರು.